ಏಳನೆಯ ಪ್ರಶ್ನೆ, ಐದು ಅಂಕ

ಇಂಗ್ಲಿಷರ ಬದುಕಿನ ಮೆಚ್ಚಿನ ಗುರುತುಗಳು, ಪದ್ಧತಿಗಳು:
ಟಿಪ್ಪಣಿ ಬರೆಯಿರಿ.
ಪ್ರಶ್ನೆ ನನ್ನದಲ್ಲ. ಮೇಲಿನಿಂದ ಬಂದದ್ದು,
ಮಲಯಾಳದಿಂದ ಕನ್ನಡಕ್ಕೆ ಯಾರೋ ನಿದ್ದೆಗಣ್ಣಲ್ಲಿ ದಾಟಿಸಿದ್ದು;
‘ಮೆಚ್ಚಿನ’ದ ಒತ್ತು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ.

ಉತ್ತರಸೂಚಿ ಹೇಳುತ್ತದೆ: ಚಹಾ, ಕೊಡೆ, ಸಾಲು,
ಹವೆಯ ಮಾತು, ಕೆಂಪು ಅಂಚೆಪೆಟ್ಟಿಗೆ.
ಒಂದಕ್ಕೊಂದು ಅಂಕ. ಬೇರೇನು ಬರೆದರೂ ಸೊನ್ನೆ.

ಪೆರ್ಮುದೆಯ ಶಾಲೆ. ಮಕ್ಕಳು ಹೋಗಿಯಾಯಿತು.
ಬಂದ್ಯೋಡಿನ ಬಸ್ಸು ಐದೂ ಹತ್ತಕ್ಕೆ.
ನಾನು, ಇಪ್ಪತ್ತೊಂದು ಪೇಪರು, ಒಂದು ಕೆಂಪು ಪೆನ್ನು.

ದೀಕ್ಷಿತ್ ಬರೆದಿದ್ದಾನೆ:
ಇಂಗ್ಲಿಷರಿಗೆ ಸಾಲೆಂದರೆ ಪ್ರಾಣ. ನಮ್ಮಲ್ಲೂ ಉಂಟು.
ರೇಷನ್ ಅಂಗಡಿಯೆದುರು ಏಳು ಗಂಟೆಗೇ
ಚೀಲಗಳು ಸಾಲು ನಿಲ್ಲುತ್ತವೆ, ಹಾರದ ಹಾಗೆ
ಒಂದೊಂದರ ಮೇಲೆ ಒಂದೊಂದು ಕಲ್ಲು.
ಜನ ಆಚೆ ಮರದಡಿ ಜಗಳಾಡುತ್ತಾರೆ,
ಚೀಲಗಳು ಆಡುವುದಿಲ್ಲ.

ಚೀಲಗಳೇ ಇಂಗ್ಲಿಷರು ಎಂದು ಅರ್ಥವೇ ಮಾರಾಯ?
ಅರ್ಧ ಅಂಕ ಜಾಸ್ತಿ ಹಾಕಿದೆ. ಹೊಡೆದೆ. ಮತ್ತೆ ಹಾಕಿದೆ.

ಅವನ ಹಿಂದಿನ ಬೆಂಚಿನವನದು ಅಕ್ಷರವೇ ಇಲ್ಲ,
ಒಂದು ಕೊಡೆಯ ಚಿತ್ರ.
ಕಡ್ಡಿ ಎಂಟೂ ಲೆಕ್ಕಕ್ಕೆ ಸರಿ, ಒಂದು ಮುರಿದದ್ದು.
ಅಪ್ಪ ಕುಂಬಳೆ ಪೇಟೆಯಲ್ಲಿ ಕೊಡೆ ರಿಪೇರಿ.

ಮಿಸ್ರಿಯಾ:
ಅವರು ಗುರುತಿಲ್ಲದವರೊಡನೆ ಹವೆಯ ಮಾತೇ ಆಡುವುದು.
ನಮ್ಮ ಉಮ್ಮನಿಗೂ ಆಚೆಮನೆ ಯಮುನಕ್ಕನಿಗೂ
ದಾರಿಯ ಕೇಸು, ಕೋರ್ಟಿನಲ್ಲಿ, ಒಂಬತ್ತು ವರ್ಷ.
ಬಟ್ಟೆ ಒಣಗಲು ಹಾಕುವಾಗ ಮಾತ್ರ
ಬೇಲಿಯ ಈಚೆಯಿಂದ, ‘ಬರ್ಸ ಬರ್ಪುಂಡಾ?’
ಆಚೆಯಿಂದ, ‘ಬರ್ಪುಜಿ.’
ಅಷ್ಟು ಹೊತ್ತು ನಮ್ಮ ಬೇಲಿ ಇಂಗ್ಲೆಂಡ್.

ಜೋಯಲ್ ಕ್ರಾಸ್ತಾನಿಗೆ ಹಬ್ಬದ ಚಿಂತೆ:
ಕ್ರಿಸ್ಮಸ್ಸಿಗೆ ಅವರು ಪುಡ್ಡಿಂಗಿಗೆ ಬೆಂಕಿ ಕೊಡುತ್ತಾರಂತೆ.
ಅಜ್ಜಿಗೆ ಹೇಳಿದೆ. ನಮ್ಮಲ್ಲಿ ನೆವ್ರಿ ಸೀದರೆ
ಅದಕ್ಕೆ ಪದ್ಧತಿ ಎನ್ನುವುದಿಲ್ಲ, ಬೈಗುಳ ಸಿಗುತ್ತದೆ ಎಂದರು.
ಸೂಚಿಯಲ್ಲಿ ಪುಡ್ಡಿಂಗ್ ಇಲ್ಲ.
ಕಣ್ಣು ಮುಚ್ಚಿ ‘ಚಹಾ’ದ ಲೆಕ್ಕಕ್ಕೆ ಸೇರಿಸಿದೆ.

ಅಷ್ಟರಲ್ಲಿ ಕಮಲಾಕ್ಷಿ, ಅನ್ನದ ಚೆಂಬು ತೊಳೆದಿಟ್ಟು,
ಸ್ಟೀಲು ಲೋಟದಲ್ಲಿ ಕರಿಚಾ ತಂದಳು.
ನಾಲ್ಕೂ ಇಪ್ಪತ್ತು. ಉತ್ತರಸೂಚಿಯ ಪ್ರಕಾರ
ಈಗ ನಾವಿಬ್ಬರೂ ಇಂಗ್ಲಿಷರು.
‘ಸಕ್ಕರೆ ಮುಗಿದಿದೆ ಟೀಚರೆ’ ಎಂದಳು.

ಕೊನೆಯ ಪೇಪರು ಧನ್ಯಶ್ರೀಯದು.
ಕೇಳಿದರೆ ಹೌದು, ಅಲ್ಲ, ಅಷ್ಟೇ ಹೇಳುವ ಹುಡುಗಿ.

ಶಾಲೆಯ ಗೇಟಿನ ಕೆಂಪು ಪೆಟ್ಟಿಗೆ ಇಂಗ್ಲಿಷರದು.
ಒಳಗೆ ಕಣಜದ ಗೂಡು ಉಂಟು, ಅದು ನಮ್ಮದು.
ಚೆರ್ವತ್ತೂರಿಗೆ ಹೋದ ಸುಪ್ರಭಾಳಿಗೆ ಕಾಗದ ಹಾಕಿದೆ.
ಹದಿನಾರು ದಿನಕ್ಕೆ ವಾಪಸು ಬಂತು.
ವಿಳಾಸ ಕನ್ನಡದಲ್ಲಿತ್ತು, ಅಲ್ಲಿ ಯಾರಿಗೂ ಓದಲಾಗಲಿಲ್ಲ.
ಎರಡನೆಯ ಸಲ ಅದೇ ಕಾಗದ,
ಹೊರಗೆ ಮಾತ್ರ ಇಂಗ್ಲಿಷಿನಲ್ಲಿ ಬರೆದೆ.
ಮೂರೇ ದಿನ. ಸಿಕ್ಕಿತಂತೆ.
ಒಳಗೆ ಇದ್ದದ್ದು ಎಲ್ಲ ನಮ್ಮದೇ ಮಾತು,
ಬೆಕ್ಕು ಮರಿ ಹಾಕಿದ ಸುದ್ದಿ ಕೂಡ.
ಆದ್ದರಿಂದ ಇಂಗ್ಲಿಷರ ಪದ್ಧತಿ ಎಂದರೆ
ಹೊರಗಿನ ವಿಳಾಸ.

ಸೂಚಿ ನೋಡಿದೆ. ಅಂಚೆಪೆಟ್ಟಿಗೆ: ಒಂದು.
ಚಹಾ ಇಲ್ಲ, ಕೊಡೆ ಇಲ್ಲ, ಸಾಲು ಇಲ್ಲ, ಮಳೆಯೂ ಇಲ್ಲ.
ಒಂದು ಎಂದು ಬರೆದೆ. ಒಂದರ ಕಾಲು ಒಣಗುವ ಮೊದಲೇ
ಅದರ ಹೊಟ್ಟೆ ತಿದ್ದಿ ಐದು ಮಾಡಲು ಹೋದೆ;
ಯಾವ ಭಾಷೆಯ ಅಂಕಿಯೋ ತಿಳಿಯದ ಹಾಗಾಯಿತು.

ತಿದ್ದಿದಲ್ಲೆಲ್ಲ ಟೀಚರ ಸಹಿ ಬೇಕು, ನಿಯಮ.
ಹಾಕಿದೆ.
ಇಪ್ಪತ್ತಾರು ವರ್ಷದಿಂದ ಕೈ ತಾನಾಗಿ ಹಾಕುವ
ಅದೇ ಸಹಿ,
ಇಂಗ್ಲಿಷಿನಲ್ಲಿ.

ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು.
ಕೊಡೆ ಇಲ್ಲೇ ಮರೆತು ಓಡಿದೆ.