ನೀರು ಹೊರ್ತೈತಿ

ವಿದ್ಯಾನಗರ, ಮೂರನೇ ಮಾಳಿಗಿ, ಉಪ್ಪುನೀರಿನ ತೊಟ್ಟಿ.
ಮುಚ್ಚಳಾ ಎಳಕೋತ ಹುಡುಗಿ ಅಂದಳು:
“ಏನೂ ಮಾಡಬ್ಯಾಡ್ರಿ ಫಕ್ಕೀರವ್ವಾರ, ನೀರು ಹೊರ್ತೈತಿ.”

ಖರೇನ ಹೊತ್ಕೊಂತು:
ಹತ್ತೊಂಬತ್ತು ವರ್ಷ ಹುಬ್ಬಳ್ಳಿ-ಗದಗ ನಿಂತ ಮೊಣಕಾಲು,
ಚೀಲದ ಪಟ್ಟಿ ಕೊರದ ಹೆಗಲು,
ಚಿಲ್ಲರಿಗೆ ಒದರಿ ಒದರಿ ಬಿರಿದ ಗಂಟಲು.

ಬೆರಳಿನ ಸೀಳಿಗೆ ಉಪ್ಪು ಚುರ್ ಅಂತು. ಆಮ್ಯಾಲೆ ಕತ್ತಲಿ.
ಕಿವ್ಯಾಗ ನನ್ನ ಎದೀನ ಡಬಲ್ ಬೆಲ್ ಹೊಡೀತಿತ್ತು,
ರೈಟ್, ರೈಟ್.
ಎಲ್ಲಿಗಂತ ಯಾರೂ ಕೇಳಲಿಲ್ಲ.
ಅಣ್ಣಿಗೇರಿ ದಾಟಿರಬೇಕು ಅನ್ನೂದ್ರಾಗ
ಕೈ ರೂಢಿಲೇ ಮ್ಯಾಲಿನ ಕಂಬಿ ಹುಡುಕಿ
ಮುಚ್ಚಳಕ್ಕ ಬಡೀತು; ಒಬ್ಬಾಕಿನ ನಕ್ಕೆ.

ಎದ್ದಾಗ ತೂಕ ಮತ್ತ ಮೈಗೆ ಹತ್ತಿತು,
ಒಣಗದ ಯೂನಿಫಾರ್ಮಿನಂಗ.
ಸೊಂಟ ಮಾತ್ರ ಆ ರಾತ್ರಿ ಸುಮ್ಮನಿತ್ತು. ನಾನೂ ಮಕ್ಕೊಂಡೆ.

ಮುಂಜಾನಿ ಆರರ ಗಾಡಿ.
ಶಿರಗುಪ್ಪಿ ಹತ್ರ ಕಿವಿ ಹಿಂದ ಕೆರದರ
ಉಗುರಿಗೆ ಉಪ್ಪು.