ಹಾಗಾದರೆ

ಮಂಗಳವಾರ, ಒಂಬತ್ತು ಹತ್ತು. ಬೇರ್ನ್ಸ್‌ಡೇಲಿನ ನಾಲ್ಕನೇ ತರಗತಿ.
ಬಾಗಿಲಿಗೆ ಹಳದಿ ಪಟ್ಟಿ ಅಡ್ಡ ಕಟ್ಟಿದ್ದೇನೆ.
ಕಪಾಟಿನ ಮೇಲೆ ಕೂರುತ್ತಿದ್ದ ಬಟ್ಟೆಯ ವಾಂಬ್ಯಾಟ್,
ಒಂದು ಕಿವಿ ಹೊಲಿಗೆ ಬಿಟ್ಟದ್ದು,
ಕಾಣೆ.
ಧೂಳಿನಲ್ಲಿ ಅದು ಕೂತಿದ್ದಷ್ಟು ಜಾಗ ಮಾತ್ರ ಸ್ವಚ್ಛ,
ಉಂಡೆದ್ದ ಎಲೆಯ ಕೆಳಗಿನ ನೆಲದ ಹಾಗೆ.

ಸುಳಿವುಗಳನ್ನು ನಿನ್ನೆ ಸಂಜೆ ನಾನೇ ಬಿತ್ತಿದ್ದು:
ಕಿಟಕಿಯಡಿಗೆ ಎಳೆದ ಕುರ್ಚಿ,
ಮಣ್ಣಿನ ಬೂಟುಗಾಲಿನ ಮೂರು ಗುರುತು,
ವೆಜಿಮೈಟ್ ಸವರಿದ ಟೋಸ್ಟಿನ ಚೂರು,
ಚಿಲಕಕ್ಕೆ ಸಿಕ್ಕಿಕೊಂಡ ಕಿತ್ತಳೆ ಉಣ್ಣೆಯ ಎಳೆ.
ಕಿತ್ತಳೆ ಟೋಪಿ ತೋಟ ನೋಡಿಕೊಳ್ಳುವ ಪೆಟ್ರಾಕಿಸ್ ಅವರದು.
ಒಂದು ಪೊಟ್ಟಣ ಬಿಸ್ಕತ್ತಿಗೆ ಅವರು ಕಳ್ಳನಾಗಲು ಒಪ್ಪಿದ್ದಾರೆ.

ಹಾಳೆಯಲ್ಲಿ ಮೂರು ಕಾಲಮ್ಮು:
ಕಂಡದ್ದು. ಮೊದಲೇ ಗೊತ್ತಿದ್ದದ್ದು. ಹಾಗಾದರೆ.

"ಬೆಟ್ಟದ ಮೇಲೆ ಹೊಗೆ. ಹಾಗಾದರೆ?"
ತರ್ಕ ಕಲಿಸುವವರು ಅದೆಷ್ಟು ಕಾಲದಿಂದಲೋ ಕೇಳಿದ್ದನ್ನೇ ಕೇಳಿ
ಒಂದೇ ಉತ್ತರಕ್ಕೆ ಕಾದೆ.
ಇವರು ಗಿಪ್ಸ್‌ಲ್ಯಾಂಡಿನ ಮಕ್ಕಳು.
"ಯಾವ ಬಣ್ಣದ ಹೊಗೆ, ಮಿಸ್?" ಡಿಮಿಟಿ.
"ಬಿಳಿ ಆದರೆ ಹುಲ್ಲು. ಕಪ್ಪಾದರೆ ಯಾರದೋ ಮನೆ."
"ಗಾಳಿ ಯಾವ ಕಡೆ?" ಕೋಸ್ತಾ.
"ನಮ್ಮಪ್ಪನ ಯೂಟ್ ಎಬ್ಬಿಸಿದ ಧೂಳೂ ಇರಬಹುದು," ಬ್ರೋಡಿ.
ಯಾರೂ ನಗಲಿಲ್ಲ.
ನನ್ನ ತರ್ಕಶಾಸ್ತ್ರವನ್ನು ಮಡಿಸಿ ಒಳಗಿಟ್ಟೆ.

ಭೂತಗನ್ನಡಿ ಐದು, ಮಕ್ಕಳು ಇಪ್ಪತ್ತಮೂರು.
ನೆಲದ ಮೇಲೆ ಮೊಣಕಾಲೂರಿ, ಟೋಸ್ಟಿನ ಚೂರನ್ನು ಮೂಸಿ,
ಇನ್ನೇನು ಆಟ ರಂಗೇರಬೇಕು,
ಆಗ, ಯಾರೂ ಏನೂ ಅನ್ನದೆಯೇ,
ತಲೆಗಳು ಒಂದೊಂದಾಗಿ ತಿರುಗಿದವು
ಹಿಂದಿನ ಬೆಂಚಿಗೆ, ಈಡನ್ ಕಡೆಗೆ.

ಹೋದ ವರ್ಷ ಕೋಸ್ತಾನ ಫುಟ್ಬಾಲ್ ಕಾರ್ಡು ಅವನ ಚೀಲದಲ್ಲಿ ಸಿಕ್ಕಿತ್ತು.
ಒಂದು ಸಲ. ಅಷ್ಟೇ.
ಅವನ ಕಿವಿ ಕೆಂಪಾಯಿತು, ಕೈ ಜೇಬಿಗೆ ಹೋಯಿತು.
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.
ನಮ್ಮ ಗಾದೆಗೆ ತೀರ್ಪು ಕೊಡಲು ಎಷ್ಟು ಅವಸರ!
ಕದಿಯದವನಿಗೂ ಹೆಗಲಿರುತ್ತದೆ.

ಇಲ್ಲಿನವರ ಮಾತಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ,
ಗೊಂದಲವಿಲ್ಲ.
ನನ್ನದರಲ್ಲಿ ಒಂದೇ.
ಸುಳಿವಿನಿಂದ ನಿಜದ ಕಡೆಗೆ ಎತ್ತಿಡುವ ಹೆಜ್ಜೆಯೂ ಅನುಮಾನ,
ಹತ್ತು ವರ್ಷದ ಹುಡುಗನ ಬೆನ್ನಿಗೆ ಅಂಟುವುದೂ ಅನುಮಾನ.
ಹದಿನಾಲ್ಕು ವರ್ಷ ಇಲ್ಲಿ ಪಾಠ ಹೇಳಿದ್ದೇನೆ,
ಇದು ಹೊಳೆದದ್ದು ಆ ಗಳಿಗೆ.

"ಕಂಡದ್ದನ್ನು ಮಾತ್ರ ಬರೆಯಿರಿ," ಅಂದೆ,
ಬೇಕಾದ್ದಕ್ಕಿಂತ ಜೋರಾಗಿ.
ಡಿಮಿಟಿ ಬೂಟಿನ ಗುರುತಿಗೆ ಟೇಪು ಹಿಡಿದಳು:
ಮೂವತ್ತೊಂದು ಸೆಂಟಿಮೀಟರ್.
"ಈಡನ್ ಅಲ್ಲ," ಅಂದಳು, ಹವಾಮಾನ ವರದಿ ಓದಿದಂತೆ.
ಹನ್ನೊಂದಕ್ಕೆ ಪೆಟ್ರಾಕಿಸ್ ಸಿಕ್ಕಿಬಿದ್ದರು,
ಎರಡೂ ಕೈ ಮೇಲೆತ್ತಿ, ತುಂಬ ಚೆನ್ನಾಗಿ ನಟಿಸಿದರು.
ತಳ್ಳುಗಾಡಿಯಲ್ಲಿ ವಾಂಬ್ಯಾಟಿನ ಮೆರವಣಿಗೆ.

ಮೂರೂವರೆ. ಶಾಲೆ ಖಾಲಿ. ಚಹಾ ಆರಿದೆ.
ಹಾಳೆಗಳನ್ನು ತಿದ್ದುತ್ತಿದ್ದೇನೆ. ಉಣ್ಣೆ, ಬೂಟು, ಟೋಪಿ,
ಎಲ್ಲರೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿದ್ದಾರೆ.
ಕೊನೆಯದು ಈಡನ್‌ನದು, ಪೆನ್ಸಿಲು ಒತ್ತಿ ಬರೆದದ್ದು.

ಕಂಡದ್ದು:
ಎಲ್ಲರೂ ನನ್ನ ಕಡೆ ನೋಡಿದರು. ಮಿಸ್ ಮಾತ್ರ ನೋಡಲಿಲ್ಲ.

ಮೊದಲೇ ಗೊತ್ತಿದ್ದದ್ದು:
ನಿಜವಾಗಿ ಏನಾದರೂ ಕಳೆದ ದಿನ
ಮಿಸ್ ಕೂಡ ನೋಡುತ್ತಾರೆ.

ಹಾಗಾದರೆ:
ಏನೂ ಕಳೆದಿಲ್ಲ. ಇದು ಆಟ.

ಕಾಗುಣಿತದ ತಪ್ಪು ಎರಡು ಇವೆ, ಮುಟ್ಟಲಿಲ್ಲ.
ತರಗತಿಯಲ್ಲಿ ಇವನೊಬ್ಬನದೇ ಪೂರ್ತಿ ಸರಿ.
ಸರಿ ಗುರುತು ಹಾಕಲು ಎತ್ತಿದ ಕೈ,
ಹಸಿರು ಪೆನ್ನಿನ ಸಮೇತ,
ಅದಾಗಲೇ ಹೆಗಲು ಮುಟ್ಟಿದೆ.