ಚೀಟಿ

ಕೆಮಿ ಊರಿನ ಸೂಪರ್ ಮಾರ್ಕೆಟ್ಟಿನ ಮೂಲೆಯಲ್ಲೊಂದು ಯಂತ್ರವಿದೆ,
ಗೋಡೆಯಲ್ಲಿ ಕೊರೆದ ದುಂಡು ಬಾಯಿ.
ಖಾಲಿ ಬಾಟಲಿ ತುರುಕಿದರೆ ನುಂಗುತ್ತದೆ,
ಒಳಗೆಲ್ಲೋ ಗಾಜು ಗಾಜಿಗೆ ತಾಗುತ್ತದೆ,
ಕೊನೆಗೆ ನಾಲಿಗೆಯಂತೆ ಒಂದು ಚೀಟಿ ಚಾಚುತ್ತದೆ:
ಇಷ್ಟು ಬಾಟಲಿ, ಇಷ್ಟು ಸೆಂಟು.

ನಾನು ಹೋಗುವುದು ಮಂಗಳವಾರ, ಬೆಳಗ್ಗೆ ಏಳಕ್ಕೆ,
ಪರಿಚಯದವರು ಇನ್ನೂ ಬೂಟು ಹುಡುಕುವ ಹೊತ್ತಿಗೆ.
ಜನವರಿಯ ಕತ್ತಲು ಒಳ್ಳೆಯದು,
ಚೀಲದಲ್ಲೇನೆಂದು ಕೇಳುವುದಿಲ್ಲ.
ಸದ್ದಾಗದಿರಲೆಂದು ಬಾಟಲಿಗಳ ನಡುವೆ
ಅಹ್ತಿಯ ಹಳೆಯ ಉಣ್ಣೆ ಕಾಲುಚೀಲ ಸಿಕ್ಕಿಸುತ್ತೇನೆ.
ಸತ್ತ ಮೇಲಾದರೂ ಗಂಡ ಒಂದು ಕೆಲಸಕ್ಕೆ ಬಂದ.

ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವಳು ನಾನು,
ಒಂದು ದಿನವೂ ಕುಡಿದು ಸ್ಟಿಯರಿಂಗ್ ಮುಟ್ಟಿದವಳಲ್ಲ,
ಬೇಕಾದರೆ ಡಿಪೋದಲ್ಲಿ ಕೇಳಿ.
ಕುಡಿಯುವುದಕ್ಕೂ ಬಿಡುವು ಬೇಕು;
ಅದು ನಿವೃತ್ತಿಯ ದಿನ ಬಂತು,
ಹೂಗುಚ್ಛ, ಗೋಡೆ ಗಡಿಯಾರಗಳ ಹಿಂದೆ ಹಿಂದೆಯೇ.
ಮೊದಲು ಊಟದ ಜೊತೆ ಒಂದು ಗ್ಲಾಸು,
ಆಮೇಲೆ ಗ್ಲಾಸಿನ ಜೊತೆ ಒಂದಿಷ್ಟು ಊಟ,
ಈಗೀಗ
ಊಟದ ಮಾತು ಯಾಕೆ, ಬಿಡಿ.

ಆರೋಗ್ಯ ಕೇಂದ್ರದಲ್ಲಿ ಹೊಸ ನರ್ಸು, ಪಿಹ್ಲಾ ಅಂತ.
ಹದಿನೈದು ವರ್ಷದ ಹಿಂದೆ ನನ್ನ ಬಸ್ಸಿನ ಕನ್ನಡಿಯಲ್ಲಿ
ಹಿಂದಿನ ಸೀಟಿನಿಂದ ನಾಲಿಗೆ ಚಾಚುತ್ತಿದ್ದವಳು.
ತೋಳಿಗೆ ಪಟ್ಟಿ ಬಿಗಿಯುತ್ತ ಕೇಳಿದಳು:
"ವಾರಕ್ಕೆ ಎಷ್ಟು?"
"ಎರಡು ಗ್ಲಾಸು. ಹಬ್ಬ ಬಂದರೆ ಮೂರು."
ಅವಳ ಪೆನ್ನು ಎರಡು ಎಂದು ಬರೆಯಿತು.
ಪಟ್ಟಿ ನೂರ ಎಪ್ಪತ್ತೆಂಟು ಅಂತು.

"ಮುಂಗೈ ಮುರಿದದ್ದು ಹೇಗೆ?"
"ಮಂಜುಗಡ್ಡೆ."
ಈ ಊರಿನ ಮಂಜುಗಡ್ಡೆ ಏನು ಹೊರಿಸಿದರೂ ಹೊರುತ್ತದೆ.
ಅಡುಗೆಮನೆಯ ಚಾಪೆಗೆ ಬಾಯಿಲ್ಲ.
"ನಿದ್ದೆ?"
"ಬರುತ್ತೆ."
ಬಂದದ್ದು ಮೂರು ಗಂಟೆಗೇ ಎದ್ದು ಹೋಗುತ್ತದೆ,
ನನ್ನನ್ನು ಎದೆಬಡಿತದ ಜೊತೆ ಬಿಟ್ಟು,
ಅದನ್ನು ಹೇಳಲಿಲ್ಲ.

ಮೂಗು ಒರೆಸಲೆಂದು ಕರವಸ್ತ್ರ ಎಳೆದೆ.
ಚೀಟಿ ಬಿತ್ತು, ಮುಖ ಮೇಲಾಗಿ.
ಗಾಜಿನ ಬಾಟಲಿ ಹದಿನಾಲ್ಕು. ಡಬ್ಬಿ ಇಪ್ಪತ್ತಾರು.
ಐದು ಯೂರೋ ಮೂವತ್ತು. ಇವತ್ತಿನದೇ ತಾರೀಕು.
ಕ್ಯಾಷಿಯರಳ ಕಣ್ಣಿಗೆ ಹೆದರಿ
ದುಡ್ಡು ಕೇಳದೆ ಬಂದಿದ್ದೆ, ಯಾವಾಗಲೂ ಹಾಗೆಯೇ.

ಪಿಹ್ಲಾ ಬಗ್ಗಿ ಎತ್ತಿದಳು. ಓದಿದಳು, ಅವಸರವಿಲ್ಲದೆ.
"ವಯಸ್ಸಾದ ಹಾಗೆ ಮೈಯೊಳಗಿನ ನೀರು ಕಡಿಮೆಯಾಗುತ್ತೆ, ಟೆಲ್ಲೆರ್ವೊ.
ಆವತ್ತು ಕೆರೆಗೆ ಸುರಿದಷ್ಟನ್ನೇ
ಈವತ್ತು ಬೋಗುಣಿಗೆ ಸುರಿದ ಹಾಗೆ.
ಮೇಲಿಂದ ಆ ನಿದ್ದೆ ಮಾತ್ರೆ ಬೇರೆ."
ಆಮೇಲೆ ಚೀಟಿ ಮಡಿಸಿ ನನ್ನ ಕೈಗಿಟ್ಟು,
"ದುಡ್ಡು ಇಸ್ಕೊಳ್ಳಿ, ನಿಮ್ಮದೇ ಅಲ್ವಾ" ಅಂದಳು.
ಎರಡನ್ನು ಹೊಡೆದು ಹಾಕಲಿಲ್ಲ.
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಎಳೆದಳು,
ಪೆನ್ಸಿಲಿನಲ್ಲಿ.

ಮನೆಯಲ್ಲಿ ಡ್ರಾಯರು ತೆಗೆದೆ.
ನಲವತ್ತೊಂದು ಚೀಟಿ.
ಒಬ್ಬಳೇ ಇಸ್ಪೀಟು ಆಡುವವಳಂತೆ ಮೇಜಿನ ತುಂಬ ಹರಡಿದೆ.
ಕೆಲವು ಮಾಸಿ ಬಿಳಿಯಾಗಿದ್ದವು,
ಅವನ್ನೂ ಲೆಕ್ಕಕ್ಕೆ ಸೇರಿಸಿದೆ, ಅಂದಾಜಿನ ಮೇಲೆ,
ನನ್ನ ಅಂದಾಜು ಎಂಥದೆಂದು ಗೊತ್ತಿದ್ದೂ.

ಸುಳ್ಳೇಕೆ, ಸಂಜೆ ಒಂದು ಗ್ಲಾಸು ಬಗ್ಗಿಸಿಕೊಂಡೆ.
ಕುಡಿಯುವ ಮೊದಲು ಕಾಲುಚೀಲ ಒಗೆದು
ಹೀಟರಿನ ಮೇಲೆ ಹಾಕಿದೆ.
ಹಿಮ್ಮಡಿಯಲ್ಲಿ ಇನ್ನೂ ಅಹ್ತಿಯ ಆಕಾರವಿದೆ.
ಒಣಗಲಿ. ಅಲ್ಲೇ ಇರಲಿ.
ಬರುವ ಮಂಗಳವಾರ ಚೀಲದಲ್ಲಿ ಎಷ್ಟಿದ್ದರೂ
ಸದ್ದಾಗಲಿ.